ತಾಳೆ ಎಣ್ಣೆ ತ್ಯಾಜ್ಯದ ಕಾರ್ಬನ್‌ನಿಂದ ಕಾಫಿ ಪಲ್ಪಿಂಗ್ ನೀರು ತಿಳಿಯಾಗುತ್ತದೆಯೇ?

ನೀವು ಕೇಳಿರುವುದು ಇಷ್ಟು: ಕೊಡಗಿನ ಸುಂಟಿಕೊಪ್ಪದ ಹತ್ತಿರ ತೋಟ, ಸೀಸನ್ನಿನಲ್ಲಿ ದಿನಕ್ಕೆ ಸುಮಾರು 5,000 ಲೀಟರ್ ಪಲ್ಪಿಂಗ್ ನೀರು (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವಾಗ ಬರುವ ಕೊಳೆನೀರು), ಕೆಳಗಡೆ ತೋಡು, ಅಂದರೆ ಸಣ್ಣ ಹಳ್ಳ. ತಾಳೆ ಎಣ್ಣೆ ಗಿರಣಿಯ ತ್ಯಾಜ್ಯದಿಂದ ಆಕ್ಟಿವೇಟೆಡ್ ಕಾರ್ಬನ್ (ಕೊಳೆ ಹಿಡಿಯುವಂತೆ ರಂಧ್ರ ತೆರೆಸಿದ ಇದ್ದಿಲು) ಮಾಡಿ ಈ ನೀರು ಶುದ್ಧ ಮಾಡಬಹುದೇ, ಅದನ್ನು ತೋಟದಲ್ಲೇ ಡ್ರಮ್ಮಿನಲ್ಲಿ ಸುಟ್ಟು ತಯಾರಿಸಬಹುದೇ?

ತುಮಕೂರು ಕಡೆ ತೆಂಗಿನ ಕರಟದಿಂದ ಕಾರ್ಬನ್ ಮಾಡುವ ಕಾರ್ಖಾನೆಯೊಂದರ ಕುಲುಮೆಯಲ್ಲಿ ನಾನು ಒಂಬತ್ತು ವರ್ಷ ಕೆಲಸ ಮಾಡಿದವನು. ಈಗ ಸಿದ್ದಾಪುರದ ಹತ್ತಿರ ನಮ್ಮ ಮನೆಯ ತೋಟ ನೋಡಿಕೊಂಡಿದ್ದೇನೆ, ಪಲ್ಪರ್ ನಮ್ಮಲ್ಲೂ ಇದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ತಾಳೆ ಚಿಪ್ಪಿನಿಂದ ಬಹಳ ಒಳ್ಳೆಯ ಕಾರ್ಬನ್ ಆಗುತ್ತದೆ. ಆದರೆ ಪಲ್ಪರಿನಿಂದ ಇಳಿದ ಹಸಿ ನೀರಿಗೆ ಅದನ್ನು ಸುರಿಯಬೇಡಿ, ಡ್ರಮ್ಮಿನಲ್ಲಿ ಮಾಡುವ ಸಾಹಸಕ್ಕೂ ಹೋಗಬೇಡಿ.

ತಾಳೆ ತ್ಯಾಜ್ಯ ಅಂದರೆ ಒಂದೇ ವಸ್ತುವಲ್ಲ. ಗಿರಣಿಗೆ ಒಂದು ಟನ್ ಹಣ್ಣಿನ ಗೊನೆ ಬಂದರೆ ಸುಮಾರು 200 ಕಿಲೋ ಎಣ್ಣೆ ಸಿಗುತ್ತದೆ. ಹಣ್ಣು ಉದುರಿಸಿದ ಖಾಲಿ ಗೊನೆಯೇ ಇನ್ನೂರು ಕಿಲೋ ಮೀರುತ್ತದೆ. ಅದಲ್ಲದೆ ತಿರುಳಿನ ನಾರು, ಐವತ್ತು ಅರವತ್ತು ಕಿಲೋ ಬೀಜದ ಚಿಪ್ಪು, ಮೇಲೆ ಅರ್ಧ ಟನ್ನಿಗೂ ಹೆಚ್ಚು ಕೊಳೆನೀರು. ಇವುಗಳಲ್ಲಿ ಕಾರ್ಬನ್‌ಗೆ ರಾಜ ಅಂದರೆ ಚಿಪ್ಪು. ನಮ್ಮ ಕಾರ್ಖಾನೆಗೂ ಪರೀಕ್ಷೆಗೆಂದು ಒಂದೆರಡು ಲೋಡು ಬಂದಿತ್ತು. ಒಡೆದ ಅಡಿಕೆಯಷ್ಟು ಚೂರು, ಕಪ್ಪುಗಂದು ಬಣ್ಣ, ಹಿಡಿಯಲ್ಲಿ ಹಿಡಿದು ಕುಲುಕಿದರೆ ಕಲ್ಲಿನ ಹಾಗೆ ಸದ್ದು. ಕೈಗೆ ಎಣ್ಣೆ ಅಂಟುತ್ತಿತ್ತು. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಜಾಸ್ತಿ, ಬೂದಿ ಕಡಿಮೆ, ಗಟ್ಟಿ ಪದಾರ್ಥ. ಕರಟದಲ್ಲಿ ನಾವು ಹುಡುಕುವುದೂ ಇದನ್ನೇ. ಖಾಲಿ ಗೊನೆಯಲ್ಲಿ ಪೊಟ್ಯಾಶ್ ತುಂಬಿರುತ್ತದೆ, ಸುಟ್ಟರೆ ಪುಡಿಯಾಗುತ್ತದೆ. ಅದನ್ನು ಗೊಬ್ಬರವಾಗಿ ತೋಟಕ್ಕೇ ಹಾಕುವುದು ಲೇಸು.

ಇದ್ದಿಲಿಗೂ ಆಕ್ಟಿವೇಟೆಡ್ ಕಾರ್ಬನ್‌ಗೂ ವ್ಯತ್ಯಾಸ ಎಲ್ಲಿದೆ ಅಂತ ತಿಳಿದರೆ ಡ್ರಮ್ಮಿನ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತದೆ. ಗಾಳಿ ಆಡದಂತೆ 400ರಿಂದ 600 ಡಿಗ್ರಿಯಲ್ಲಿ ಸುಟ್ಟರೆ ಸಿಗುವುದು ಇದ್ದಿಲು. ಅದರೊಳಗಿನ ರಂಧ್ರಗಳು ಟಾರಿನಿಂದ ಮುಚ್ಚಿಕೊಂಡಿರುತ್ತವೆ. ಅದೇ ಇದ್ದಿಲಿಗೆ 850ರಿಂದ 950 ಡಿಗ್ರಿಯಲ್ಲಿ ಹಬೆ ಹಾಯಿಸಿದಾಗ ಹಬೆ ಇಂಗಾಲವನ್ನು ಕೊರೆಯುತ್ತಾ ಹೋಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಹೊರಬರುತ್ತವೆ, ಸಣ್ಣ ಸಣ್ಣ ರಂಧ್ರ ತೆರೆದುಕೊಳ್ಳುತ್ತವೆ. ಒಳ್ಳೆಯ ಕಾರ್ಬನ್ ಒಂದೇ ಒಂದು ಗ್ರಾಂ ತೆಗೆದುಕೊಂಡು ಅದರ ಒಳಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಸೆಂಟು ಜಾಗ. ಕೊಳೆ ಹೋಗಿ ಅಂಟಿಕೊಳ್ಳುವುದು ಆ ಗೋಡೆಗೆ. ಅಷ್ಟು ಶಾಖ ತೋಟದ ಡ್ರಮ್ಮಿನಲ್ಲಿ ನಿಲ್ಲುವುದಿಲ್ಲ, ಹೊರಬರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಆಳನ್ನು ಕೆಡವುವಂಥ ವಿಷ.

ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ 450–500 ಡಿಗ್ರಿಯಲ್ಲೇ ಮಾಡುವ ದಾರಿಯೂ ಇದೆ. ಆದರೆ ಆಮೇಲೆ ಹುಳಿ ಹೋಗುವ ತನಕ ನೀರಿನಲ್ಲಿ ತೊಳೆಯುತ್ತಲೇ ಇರಬೇಕು. ಆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಹೇಳಿ? ನಿಮ್ಮ ತೋಡಿಗೇ.

ಊರಿಗೆ ಬಂದ ಮೊದಲ ವರ್ಷ ನಾನು ಬರೀ ಇದ್ದಿಲನ್ನಾದರೂ ಮಾಡೋಣ ಅಂತ ಡ್ರಮ್ಮಿನಲ್ಲಿ ಕರಟ ಸುಟ್ಟೆ. ಬೆಳಿಗ್ಗೆ ಮುಟ್ಟಿದರೆ ತಣ್ಣಗಿತ್ತು. ಗೋಣಿಚೀಲಕ್ಕೆ ತುಂಬಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿ ಬೀಜ) ಇಟ್ಟಿದ್ದ ಶೆಡ್ಡಿನ ಜಗುಲಿಯಲ್ಲಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಚೀಲದ ಬುಡ ಕೆಂಪಗೆ ಹೊತ್ತಿಕೊಂಡಿತ್ತು. ಹೊಸ ಇದ್ದಿಲು ಗಾಳಿ ತಾಗಿದರೆ ತಾನೇ ಬಿಸಿಯಾಗುತ್ತದೆ ಅನ್ನುವುದು ನನಗೆ ಗೊತ್ತಿದ್ದ ವಿಷಯವೇ, ಆದರೂ ಮೈಮರೆತಿದ್ದೆ. ಲೈನ್‌ಮನೆಯ ಮಕ್ಕಳು ನೋಡಿ ಕೂಗದಿದ್ದರೆ ಆ ವರ್ಷದ ಫಸಲು ಹೋಗುತ್ತಿತ್ತು. ನಿಮ್ಮ ಮನೆಯಲ್ಲಿ ಯಾರಾದರೂ ಇದ್ದಿಲು ಮಾಡಿದರೆ ನೀರು ಹಾಕಿ ಆರಿಸಿ, ಒಂದೆರಡು ದಿನ ಬಯಲಲ್ಲಿ ತೆಳ್ಳಗೆ ಹರಡಿಡಲು ಹೇಳಿ.

ಇನ್ನು ಹಸಿ ನೀರಿಗೆ ಯಾಕೆ ಬೇಡ ಅನ್ನುವುದು. ಪಲ್ಪಿಂಗ್ ನೀರಿನಲ್ಲಿರುವುದು ಮುಖ್ಯವಾಗಿ ಸಕ್ಕರೆ ಮತ್ತು ಲೋಳೆ, ಅಂದರೆ ಪೆಕ್ಟಿನ್. ಸಕ್ಕರೆಗೆ ನೀರೇ ಇಷ್ಟ, ಕಾರ್ಬನ್‌ಗೆ ಸರಿಯಾಗಿ ಅಂಟುವುದಿಲ್ಲ. ಪೆಕ್ಟಿನ್ ದೊಡ್ಡ ಕಣ, ಕರಟ ಅಥವಾ ತಾಳೆ ಚಿಪ್ಪಿನ ಸಣ್ಣ ರಂಧ್ರದೊಳಗೆ ನುಗ್ಗದೆ ಬಾಯಲ್ಲೇ ಪೊರೆ ಕಟ್ಟುತ್ತದೆ. ನಾನು ಒಂದು ಲೀಟರ್ ಹಸಿ ನೀರಿಗೆ ಒಳ್ಳೆಯ ಕಾರ್ಬನ್ ಹತ್ತು ಗ್ರಾಂ ಹಾಕಿ ಅರ್ಧ ಗಂಟೆ ಕುಲುಕಿದ್ದೆ. ಬಟ್ಟೆಯಲ್ಲಿ ಸೋಸಲು ಹೋದರೆ ಗಂಜಿಯ ಹಾಗೆ ನಿಂತುಬಿಟ್ಟಿತು. ಮರುದಿನ ಅದೇ ಹುಳಿ ವಾಸನೆ.

ಲೆಕ್ಕ ಹಾಕಿದರೂ ಕೂಡಿಬರುವುದಿಲ್ಲ. ಒಂದು ಲೀಟರಿನಲ್ಲಿ 5 ಗ್ರಾಂ ಸಿಒಡಿ ಇದೆ ಅಂದುಕೊಳ್ಳಿ (ಸಿಒಡಿ ಅಂದರೆ ನೀರಿನ ಕೊಳೆಯನ್ನು ರಾಸಾಯನಿಕವಾಗಿ ಕರಗಿಸಲು ಬೇಕಾಗುವ ಆಮ್ಲಜನಕ, ಕೊಳೆಯ ಒಂದು ಅಳತೆ). 5,000 ಲೀಟರಿಗೆ 25 ಕಿಲೋ ಆಯಿತು. ಕಾರ್ಬನ್ ತನ್ನ ತೂಕದ ಐದರಲ್ಲೊಂದು ಪಾಲು ಹಿಡಿಯುತ್ತದೆ ಅಂತ ಉದಾರವಾಗಿ ಲೆಕ್ಕ ಹಿಡಿದರೂ ದಿನಕ್ಕೆ 125 ಕಿಲೋ ಬೇಕು. ಯಾವ ಬೆಳೆಗಾರನಿಗೂ ಅದು ಕಟ್ಟುವುದಿಲ್ಲ.

ತಾಳೆ ಗಿರಣಿಗಳ ಕೊಳೆನೀರು ನಮ್ಮದಕ್ಕಿಂತ ಎಷ್ಟೋ ಘಾಟು, ಬಿಒಡಿ (ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 25,000 ಮಿಲಿಗ್ರಾಂ ಆಸುಪಾಸು. ಮಲೇಷ್ಯಾದಲ್ಲಿ ಅದನ್ನು ಸಾಮಾನ್ಯವಾಗಿ ಸಾಲು ಹೊಂಡಗಳಲ್ಲಿ ವಾರಗಟ್ಟಲೆ ಕೊಳೆಸಿ ತಿಳಿ ಮಾಡುತ್ತಾರೆ. ಅದಾದ ಮೇಲೂ ಉಳಿಯುವ ಕಂದು ಬಣ್ಣ ತೆಗೆಯುವುದಕ್ಕೆ ತಾಳೆ ಚಿಪ್ಪಿನ ಕಾರ್ಬನ್ ಒದಗುತ್ತದೆ. ನಮಗೂ ಸರಿಹೊಂದುವ ಕ್ರಮ ಅದೇ. ಮೊದಲು ನೀರೇ ಕಡಿಮೆ ಮಾಡಿ, ಪಲ್ಪಿಂಗ್ ನೀರನ್ನು ಅದೇ ದಿನ ಮತ್ತೆ ಮತ್ತೆ ತಿರುಗಿಸಿ. ಸಿಪ್ಪೆ ಜರಡಿಯಲ್ಲಿ ತೆಗೆಯಿರಿ. ನೀರು ಹುಳಿಯಾಗಿ ಪಿಎಚ್ 4ರ ಹತ್ತಿರ ಇರುತ್ತದೆ, ಸುಣ್ಣ ಹಾಕಿ 7ಕ್ಕೆ ತನ್ನಿ. ಆಮೇಲೆ ತಳಕ್ಕೆ ಹಾಳೆ ಹಾಸಿದ ಹೊಂಡದಲ್ಲಿ ಗಾಳಿಯಿಲ್ಲದೆ ಕೊಳೆಯಲಿ, ಮುಂದಿನ ಹೊಂಡದಲ್ಲಿ ಗಾಳಿ ಕೊಡಿ. ಹೊಂಡದ ಅಳತೆಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಿ. ಇಷ್ಟಾದ ಮೇಲೆ ಉಳಿಯುವುದು ಕಡುಕಾಫಿ ಬಣ್ಣದ ನೀರು. ಆ ಬಣ್ಣದ ಪಾಲಿಫೀನಾಲ್‌ಗಳಿಗೆ ಕಾರ್ಬನ್ ಅಂದರೆ ಬಲು ಇಷ್ಟ.

ಆ ಕೊನೆಯ ಹಂತಕ್ಕೂ ತಾಳೆ ಚಿಪ್ಪನ್ನು ಲಾರಿಯಲ್ಲಿ ಹೊತ್ತು ತರುವ ಅಗತ್ಯ ಇಲ್ಲ. ನಮ್ಮ ದೇಶದ ತಾಳೆಯ ಬಹುಪಾಲು ಆಂಧ್ರ, ತೆಲಂಗಾಣದಲ್ಲಿದೆ. ಅಲ್ಲಿನ ಚಿಪ್ಪು ಅಲ್ಲೇ ಕಾರ್ಬನ್ ಆಗಲಿ. ನೀವು ಕರಟದ ಕಾರ್ಬನ್ ಕಾಳನ್ನೇ ಕೊಂಡುಕೊಳ್ಳಿ, ಅಯೋಡಿನ್ ನಂಬರ್ (ಕಾರ್ಬನ್ ಎಷ್ಟು ಹಿಡಿಯಬಲ್ಲದು ಅನ್ನುವ ಅಳತೆ) 900ಕ್ಕೆ ಕಡಿಮೆ ಇರಬಾರದು. ಕುಡಿಯುವ ನೀರಿಗೆ ಮಾತ್ರ ಇದೊಂದನ್ನೇ ನಂಬಬೇಡಿ, ಕಾರ್ಬನ್ ರೋಗಾಣು ಕೊಲ್ಲುವುದಿಲ್ಲ, ನೈಟ್ರೇಟನ್ನೂ ಹಿಡಿಯುವುದಿಲ್ಲ.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಕೊನೆಯ ಹೊಂಡದ ನೀರನ್ನು ನಾಲ್ಕು ಬಾಟಲಿಗೆ ಒಂದೊಂದು ಲೀಟರ್ ತುಂಬಿ. ಒಂದನ್ನು ಹಾಗೇ ಬಿಡಿ, ಉಳಿದವಕ್ಕೆ 1, 3, 5 ಗ್ರಾಂ ಕಾರ್ಬನ್ ಪುಡಿ ಹಾಕಿ ಒಂದು ಗಂಟೆ ಆಗಾಗ ಕುಲುಕಿ, ಸೋಸಿ, ಬಿಳಿ ಕಾಗದದ ಮುಂದೆ ಸಾಲಾಗಿ ಇಟ್ಟು ನೋಡಿ. ಎಷ್ಟು ಗ್ರಾಂಗೆ ಬಣ್ಣ ಇಳಿಯಿತು ಅಂತ ಇಲ್ಲೇ ಬರೆಯಿರಿ, ನಿಮಗೆ ಎಷ್ಟು ದೊಡ್ಡ ಕಾಲಮ್ (ಕಾರ್ಬನ್ ತುಂಬಿ ನೀರು ಹಾಯಿಸುವ ಕೊಳವೆ) ಬೇಕು ಅಂತ ಕೂತು ಲೆಕ್ಕ ಹಾಕಿ ಕೊಡುತ್ತೇನೆ.