ಬೊಲೆರೊ ಹಿಂದಿನ ಕುದುರೆ ಟ್ರೇಲರ್ ಅಲ್ಲಾಡುತ್ತದೆ, ಘಟ್ಟದಲ್ಲಿ ದೂಡುತ್ತದೆ, ಒಂದು ಚಕ್ರ ಕಾಯುತ್ತದೆ. ಎಲ್ಲಿಂದ ಶುರು ಮಾಡಲಿ?

ನೀವು ಬರೆದದ್ದು ಇಷ್ಟು: ಒಂದೇ ಕುದುರೆ ನಿಲ್ಲುವ, ಎರಡು ಚಕ್ರದ ಟ್ರೇಲರನ್ನು ಊರಲ್ಲೇ ಮಾಡಿಸಿದ್ದೀರಿ. ಶಿರಸಿಯಿಂದ ಕುಮಟಾ ಮೇಲಾಗಿ ಕಾರವಾರಕ್ಕೆ ಹೋಗುವಾಗ ವೇಗ 50 ದಾಟಿದರೆ ಟ್ರೇಲರ್ ಬಾಲ ಬೀಸುತ್ತದೆ. ಟ್ರೇಲರ್ ಮುಂದಿನ ಗಾಡಿಯನ್ನು ದೂಡಿದಾಗ ತಾನಾಗಿ ಹಿಡಿಯುವ ಬ್ರೇಕ್ ಇದ್ದೂ ದೇವಿಮನೆ ಘಟ್ಟದಲ್ಲಿ ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಬಲಚಕ್ರ ಮಾತ್ರ ಕೈ ಇಡಲಾಗದಷ್ಟು ಕಾಯುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದಿನ ದೀಪಗಳೆಲ್ಲ ಒಟ್ಟಿಗೇ ಮಿಣುಕುತ್ತವೆ.

ಮೊದಲು ಮೂಕಿಭಾರ, ಅಂದರೆ ಟ್ರೇಲರಿನ ಮೂಕಿ ಬೊಲೆರೊದ ಹುಕ್ಕಿನ ಮೇಲೆ ಹೇರುವ ಭಾರ, ನೋಡಿ. ಎತ್ತಿನ ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಇಲ್ಲಿಯೂ ಅದೇ ಲೆಕ್ಕ. ಕುದುರೆ ಸಮೇತ ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಹುಕ್ಕಿನ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದಷ್ಟೂ ಬಾಲ ಬೀಸುವ ಸಾಧ್ಯತೆ ಹೆಚ್ಚು. ಟಯರ್ ಬದಲಿಸಿ, ಸ್ಪ್ರಿಂಗ್ ಬದಲಿಸಿ ದುಡ್ಡು ಕಳೆಯುವ ಮುಂಚೆ ಇದನ್ನು ಅಳೆಯಲೇಬೇಕು.

ಅಳೆಯುವುದು ಸುಲಭ. ವೇಬ್ರಿಜ್ ಮೇಲೆ ಬೊಲೆರೊ ಒಂದನ್ನೇ ನಿಲ್ಲಿಸಿ ತೂಗಿ. ಆಮೇಲೆ ಕುದುರೆ ಹತ್ತಿಸಿದ ಟ್ರೇಲರ್ ಜೋಡಿಸಿ, ಟ್ರೇಲರಿನ ಚಕ್ರಗಳು ಕಾಟಾದಿಂದ ಹೊರಗಿರುವಂತೆ ಬೊಲೆರೊವನ್ನಷ್ಟೇ ಮತ್ತೆ ತೂಗಿ. ಎರಡರ ವ್ಯತ್ಯಾಸವೇ ಮೂಕಿಭಾರ. ಕುದುರೆ ಒಳಗಿರುವಾಗ ಹುಕ್ಕು ಬಿಚ್ಚಿ ಮೂಕಿಯನ್ನು ತಕ್ಕಡಿಯ ಮೇಲಿಡುವ ಸಾಹಸ ಮಾತ್ರ ಬೇಡ. ಕುದುರೆ ಒಂದು ಹೆಜ್ಜೆ ಹಿಂದಿಟ್ಟರೂ ಟ್ರೇಲರ್ ಹಿಂದಕ್ಕೆ ಮಗುಚುತ್ತದೆ. ಜೋಡಿಸಿದ ಮೇಲೇ ಹತ್ತಿಸುವುದು, ಇಳಿಸಿದ ಮೇಲೇ ಬಿಚ್ಚುವುದು.

ಕುದುರೆಯ ತೂಕವನ್ನು ಟೇಪಿನಲ್ಲೇ ಅಂದಾಜು ಮಾಡಬಹುದು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿ. ಎಲ್ಲವೂ ಸೆಂಟಿಮೀಟರಿನಲ್ಲಿ. ಸುತ್ತಳತೆ 165, ಉದ್ದ 153 ಇದ್ದರೆ ಸುಮಾರು 350 ಕೆ.ಜಿ. ಖಾಲಿ ಟ್ರೇಲರ್ 400, ಹುಲ್ಲು ನೀರು 30 ಸೇರಿ 780 ಎಂದಿಟ್ಟುಕೊಳ್ಳಿ. ಹುಕ್ಕಿನ ಮೇಲೆ 80ರಿಂದ 115 ಕೆ.ಜಿ. ಬೀಳಬೇಕು. ಹುಕ್ಕು ಅಷ್ಟು ತಾಳುವಂಥದ್ದೇ, ಚಾಸಿಗೆ ಬೋಲ್ಟ್ ಮಾಡಿದ್ದಾರೆಯೇ ನೋಡಿ. ಬಂಪರಿಗೆ ವೆಲ್ಡ್ ಮಾಡಿದ್ದರೆ ಇವತ್ತೇ ತೆಗೆಸಿ.

ಊರಿನ ಫ್ಯಾಬ್ರಿಕೇಶನ್ ಕೆಲಸದಲ್ಲಿ ಆಕ್ಸಲನ್ನು ಪೆಟ್ಟಿಗೆಯ ನಟ್ಟನಡುವೆ ಕೂರಿಸಿಬಿಡುವುದುಂಟು. ಹುಕ್ಕಿನ ಗುಂಡಿನಿಂದ ಆಕ್ಸಲಿಗೆ 3 ಮೀಟರ್ ಇದ್ದು, ಒಟ್ಟು ಭಾರದ ಕೇಂದ್ರ ಆಕ್ಸಲಿಗಿಂತ 10 ಸೆಂ.ಮೀ. ಮಾತ್ರ ಮುಂದಿದ್ದರೆ ಮೂಕಿಗೆ ಬೀಳುವುದು 26 ಕೆ.ಜಿ. ಆಕ್ಸಲನ್ನು 30 ಸೆಂ.ಮೀ. ಹಿಂದಕ್ಕೆ ಸರಿಸಿದರೆ ಅದೇ ಭಾರ ಸುಮಾರು 95ಕ್ಕೆ ಏರುತ್ತದೆ. ಕೊರತೆ ಸ್ವಲ್ಪವೇ ಇದ್ದರೆ ಎದೆಯೆದುರಿನ ಅಡ್ಡಪಟ್ಟಿಯನ್ನು ಮುಂದಕ್ಕೆ ಸರಿಸಿ. ಕುದುರೆ ಮುಂದೆ ನಿಂತಷ್ಟೂ ಮೂಕಿಗೆ ಭಾರ. ಆದರೆ ಅದು ಕುತ್ತಿಗೆ ಚಾಚಿ ಕಾಲು ಅಗಲಿಸಿ ನಿಲ್ಲುವಷ್ಟು ಜಾಗ ಉಳಿಯಲೇಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಒಂದು ಕುದುರೆಗೆ 2.25 ಚದರ ಮೀಟರ್ ಹೇಳಿದ್ದಾರೆ, ಅದರೊಳಗೆ ಕೈಹಾಕಬೇಡಿ. ಖಾಲಿ ಟ್ರೇಲರಿನ ಮೂಕಿಭಾರವನ್ನೂ ಒಮ್ಮೆ ನೋಡಿ. ವಾಪಸು ಬರುವಾಗ ಮಾತ್ರ ಬೀಸುವ ಟ್ರೇಲರುಗಳೂ ಇವೆ.

ಭಾರ ಸರಿಯಿದ್ದೂ ಬೀಸಿದರೆ ಹುಕ್ಕಿನ ಎತ್ತರ ನೋಡಿ. ಸಮತಟ್ಟಾದ ಜಾಗದಲ್ಲಿ ಟ್ರೇಲರಿನ ನೆಲ ಮುಂದೆ ಹಿಂದೆ ಒಂದೇ ಎತ್ತರಕ್ಕಿರಬೇಕು, 2–3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬೇಡ. ಮೂತಿ ಮೇಲಕ್ಕಿದ್ದರೆ ಬೀಸಾಟ ಜಾಸ್ತಿ. ಬೊಲೆರೊ ಎತ್ತರದ ಗಾಡಿಯಾದ್ದರಿಂದ ಹುಕ್ಕನ್ನು ಕೆಳಗಿಳಿಸುವ ಬ್ರಾಕೆಟ್ ಬೇಕಾಗಬಹುದು. ಟ್ರ್ಯಾಕ್ಟರಿನಂತೆ ಪಿನ್ ಚುಚ್ಚುವ ಹುಕ್ಕಾದರೆ ಈ ವೇಗಕ್ಕೆ ಅದು ಆಗದು. ಸಡಿಲು ಜಾಸ್ತಿ, ರಸ್ತೆಯ ಪ್ರತಿ ಹೊಂಡಕ್ಕೂ ಜಗ್ಗಿ ಹೊಡೆಯುತ್ತದೆ. ಗುಂಡಿನ ಹುಕ್ಕಾದರೆ 50 ಮಿ.ಮೀ. ಗುಂಡಿಗೆ ಅದರ ಮೇಲೆ ಕೂರುವ ಮೂಕಿಯ ಬಟ್ಟಲೂ 50 ಮಿ.ಮೀ.ಯದೇ ಬೇಕು. ಬೀಗ ಹಾಕಿದ ಮೇಲೆ ಮೂಕಿಗೆ ಜಾಕ್ ಕೊಟ್ಟು ಎತ್ತಿ: ಬೊಲೆರೊದ ಹಿಂಭಾಗವೂ ಜೊತೆಗೆ ಎದ್ದರೆ ಹಿಡಿತ ಸರಿಯಿದೆ. ಕೆಳಗೆ ಎರಡು ಸರಪಳಿಯನ್ನು ಒಂದಕ್ಕೊಂದು ಅಡ್ಡ ಹಾಕಿ. ಹುಕ್ಕು ಕಳಚಿದರೂ ಮೂಕಿ ರಸ್ತೆಗೆ ಚುಚ್ಚದೆ ಸರಪಳಿಯ ಮೇಲೆ ನಿಲ್ಲುತ್ತದೆ.

ಟಯರಿನ ಗೋಡೆಯ ಮೇಲೆ ಅಳತೆಯ ಪಕ್ಕದ ಸಂಖ್ಯೆ ಓದಿ: 84 ಎಂದರೆ 500 ಕೆ.ಜಿ., 78 ಎಂದರೆ 425. ನಿಮ್ಮ ಭಾರಕ್ಕೆ 84ಕ್ಕಿಂತ ಕಡಿಮೆ ಹಾಕಬಾರದು ಎನ್ನುತ್ತೇನೆ, ಏಕೆಂದರೆ ತಿರುವಿನಲ್ಲಿ ಕುದುರೆ ಒಂದೇ ಮಗ್ಗುಲಿಗೆ ಒರಗುತ್ತದೆ. ಗಾಳಿಯನ್ನು ಟಯರ್ ತಣ್ಣಗಿರುವಾಗ ನೋಡಿ. ಕಡಿಮೆ ಗಾಳಿಯ ಟಯರಿನ ಗೋಡೆ ಬಳುಕಿ ಬೀಸಾಟವನ್ನು ಹೆಚ್ಚಿಸುತ್ತದೆ. ಗಂಗಾವಳಿ ಸೇತುವೆಯಂಥ ಬಯಲಲ್ಲಿ ಅಡ್ಡಗಾಳಿಗೋ ಬಸ್ಸು ದಾಟಿದಾಗಲೋ ಬೀಸಲು ಶುರುವಾದರೆ ಸ್ಟೇರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಬಿಡಿ. ಜೋರಾಗಿ ಬ್ರೇಕ್ ಒತ್ತಬೇಡಿ, ವೇಗ ಏರಿಸಿ ಎಳೆದು ನೇರ ಮಾಡಲೂ ಹೋಗಬೇಡಿ.

ಘಟ್ಟದಲ್ಲಿ ನೂಕುವುದಕ್ಕೂ ಬಲಚಕ್ರ ಕಾಯುವುದಕ್ಕೂ ಕಾರಣ ಒಂದೇ ಇರಬಹುದು. ಬಲಗಡೆಯ ಬ್ರೇಕ್ ಶೂ ಸದಾ ಉಜ್ಜುತ್ತಿದೆ, ಎಡಗಡೆಯದು ಹಿಡಿಯುತ್ತಲೇ ಇಲ್ಲ. ಹಾಗಾದಾಗ ಒಂದು ಚಕ್ರ ಇಬ್ಬರ ಕೆಲಸ ಮಾಡುತ್ತದೆ. ಘಟ್ಟ ಇಳಿದ ಮೇಲೆ ಎರಡೂ ಡ್ರಮ್ ಬಿಸಿಯಿದ್ದರೆ ಸಹಜ. ಸಮತಟ್ಟು ರಸ್ತೆಯಲ್ಲೇ ಒಂದು ಕಾದಿದ್ದರೆ ದೋಷ. ಡ್ರಮ್ಮಿನ ಸುತ್ತ ಬಿಸಿ, ಸುಟ್ಟ ವಾಸನೆ ಇದ್ದರೆ ಬ್ರೇಕ್. ನಡುವಿನ ಟೊಪ್ಪಿ ಕಾದು ಗ್ರೀಸ್ ಹೊರಗೆ ಒಸರಿದ್ದರೆ ಬೇರಿಂಗ್.

ಬ್ರೇಕ್ ಆದರೆ ಕುದುರೆ ಇಳಿಸಿ, ಬೊಲೆರೊ ಚಕ್ರಗಳಿಗೆ ಕಲ್ಲು ಕೊಟ್ಟು, ಟ್ರೇಲರಿನ ಎರಡೂ ಚಕ್ರ ಎತ್ತಿ. ಮೊದಲು ಬ್ರೇಕಿನ ಸರಳು ಅಥವಾ ಕೇಬಲ್ ಪೂರ್ತಿ ಸಡಿಲಿಸಿ. ಆಮೇಲೆ ಒಂದೊಂದೇ ಚಕ್ರದ ಅಡ್ಜಸ್ಟರನ್ನು ಶೂ ಹಿಡಿಯುವವರೆಗೆ ತಿರುಗಿಸಿ, ಚಕ್ರ ಬಿಡುವಾಗಿ ತಿರುಗುವಷ್ಟೇ ಹಿಂದಕ್ಕೆ ಬಿಡಿ. ಎರಡೂ ಸಮವಾದ ಮೇಲೆ ಕೇಬಲ್ ಬಿಗಿ ಮಾಡಿ. ಕೇಬಲ್ ಬಿಗಿದು ಶೂ ಸವೆತವನ್ನು ಮುಚ್ಚುವುದು ತಪ್ಪು ಕ್ರಮ, ನಿಮ್ಮ ಟ್ರೇಲರಿಗೆ ಅದನ್ನೇ ಮಾಡಿರುವ ಸಾಧ್ಯತೆ ಇದೆ. ಕಡಲತಡಿಯ ಉಪ್ಪಿಗೆ ಕೇಬಲ್ ಕವಚದೊಳಗೆ ತುಕ್ಕು ಹಿಡಿದು ಸಿಕ್ಕಿಕೊಳ್ಳುವುದೂ ಉಂಟು. ಕೈಯಿಂದ ಎಳೆದು ಬಿಟ್ಟಾಗ ತಟ್ಟನೆ ಹಿಂದೆ ಹೋಗದಿದ್ದರೆ ಬದಲಿಸಿ.

ಬೇರಿಂಗ್ ಆದರೆ ಚಕ್ರದ ಮೇಲುಕೆಳಗು ಹಿಡಿದು ಅಲ್ಲಾಡಿಸಿ. ಟಕ್ ಎಂದರೆ ಸಡಿಲು, ತಿರುಗಿಸಿದಾಗ ಗೊರಗೊರ ಎಂದರೆ ಬೇರಿಂಗ್ ಮುಗಿದಿದೆ. ಹೊಸದು ಹಾಕುವಾಗ ಸೀಲ್, ಸ್ಪ್ಲಿಟ್ ಪಿನ್ ಎರಡೂ ಹೊಸದೇ ಇರಲಿ. ಚಕ್ರ ತಿರುಗಿಸುತ್ತಲೇ ನಟ್ ಬಿಗಿ ಮಾಡಿ, ತುಸು ಬಿಗಿಯೆನಿಸಿದ ಮೇಲೆ ಪೂರ್ತಿ ಸಡಿಲಿಸಿ, ಬೆರಳಿನಲ್ಲಷ್ಟೇ ಮತ್ತೆ ಬಿಗಿದು, ಪಿನ್ ತೂರುವ ಹತ್ತಿರದ ರಂಧ್ರಕ್ಕೆ ಹಿಂದೆ ಬಿಡಿ. ಸ್ಪ್ಯಾನರಿನಲ್ಲಿ ಎಳೆದು ಕಟ್ಟಿದರೆ ಹತ್ತು ಕಿಲೋಮೀಟರಿನೊಳಗೆ ಕಾಯುತ್ತದೆ. ನೀರು ತಡೆಯುವ ಗ್ರೀಸನ್ನೇ ಹಾಕಿ. ಬೀಚಿನಲ್ಲಿ ಬಿಸಿಯಿರುವ ಹಬ್ (ಬೇರಿಂಗ್ ಇರುವ ಚಕ್ರದ ನಡುಭಾಗ) ಉಪ್ಪುನೀರಿಗೆ ಇಳಿಸಬೇಡಿ, ತಣಿಯುವಾಗ ಅದು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ.

ದೀಪದ್ದು ಅರ್ತಿಂಗ್ ದೋಷ, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿ ಕಡಿದಿದೆ. ಹುಕ್ಕಿನ ಗುಂಡಿನ ಮೂಲಕ ಅರ್ತಿಂಗ್ ಸಿಗುತ್ತದೆಂದು ಬಿಟ್ಟಿರುತ್ತಾರೆ. ಗ್ರೀಸ್, ತುಕ್ಕು ಅದನ್ನು ಕಡಿಯುತ್ತದೆ. ಏಳು ಪಿನ್ನಿನ ಪ್ಲಗ್ಗಿನಲ್ಲಿ ಮೂರನೆಯದು ಅರ್ತಿಂಗ್, ಬಿಳಿ ವೈರು. ಅಲ್ಲಿಂದ 2.5 ಚದರ ಮಿ.ಮೀ. ವೈರನ್ನು ಪ್ರತಿ ದೀಪಕ್ಕೂ ನೇರ ಎಳೆಯಿರಿ.

ಎಲ್ಲ ಮುಗಿದ ಮೇಲೆ ಕುದುರೆಯ ಬದಲು 50 ಕೆ.ಜಿ.ಯ ಏಳು ಮರಳು ಚೀಲಗಳನ್ನು ಅದು ನಿಲ್ಲುವ ಜಾಗದಲ್ಲೇ ಅಲುಗದಂತೆ ಕಟ್ಟಿ ಓಡಿಸಿ ನೋಡಿ. ಘಟ್ಟಕ್ಕೆ ಮೊದಲು ಸಿಗುವ ರಾಗಿಹೊಸಳ್ಳಿಯಲ್ಲಿ ನಿಲ್ಲಿಸಿ ಎರಡೂ ಹಬ್ ಮುಟ್ಟಿ. ಘಟ್ಟ ಶುರುವಾಗುವ ಮೊದಲೇ ಎರಡನೇ ಅಥವಾ ಮೂರನೇ ಗೇರಿಗೆ ಬನ್ನಿ, ಘಟ್ಟ ಇಳಿದ ಮೇಲೆ ಕತಗಾಲದಲ್ಲಿ ಮತ್ತೆ ಮುಟ್ಟಿ. ಮರಳಿನ ಭಾರ ನೆಲಕ್ಕೆ ಹತ್ತಿರ, ಕುದುರೆಯದು ಎತ್ತರದಲ್ಲಿ. ಮರಳಿನೊಂದಿಗೆ ಆರಾಮವಾಗಿ ಸುತ್ತಿದ ತಿರುವನ್ನು ಕುದುರೆಯಿದ್ದಾಗ ಇನ್ನೂ 10 ಕಿ.ಮೀ. ಕಡಿಮೆ ವೇಗದಲ್ಲಿ ಸುತ್ತಬೇಕು.