ಹದಿನಾಲ್ಕು ದಿನದ ಕಾನೂನು

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: "1947ರ ಭಾರತ ಸ್ವಾತಂತ್ರ್ಯ ಮಸೂದೆ ಜುಲೈ 4ರಂದು ಬ್ರಿಟಿಷ್ ಸಂಸತ್ತಿಗೆ ಬಂತು, 18ಕ್ಕೆ ರಾಜನ ಅಂಕಿತ ಬಿತ್ತು. 20 ಕಲಂ, 3 ಅನುಸೂಚಿ, 14 ದಿನ. ನಮ್ಮ ಶಾಸಕರು ನೋಡಿ ಕಲಿಯಬಾರದೇ?"

ಲೆಕ್ಕ ಸರಿ, ಸ್ವಾಮಿ. ಬ್ರಿಟನ್ ಪ್ರಧಾನಿ ಅಟ್ಲಿಯವರ ಸರ್ಕಾರದ ಅವಸರಕ್ಕೆ ಕಾರಣವೂ ಇತ್ತು. ಪಂಜಾಬ್ ಹೊತ್ತಿ ಉರಿಯುತ್ತಿತ್ತು, ಆಡಳಿತ ಕೈಜಾರುತ್ತಿತ್ತು. ಒಪ್ಪಿದೆ. ಆದರೆ ನೀವು ಕಲಂಗಳನ್ನು ಎಣಿಸಿದಿರಿ, ಓದಲಿಲ್ಲ.

3ನೇ ಕಲಂ ನೋಡಿ. ಬಂಗಾಳದ ಗಡಿಯನ್ನು ಆಯೋಗ ಗೊತ್ತುಮಾಡುತ್ತದಂತೆ, ನಿಗದಿತ ದಿನಕ್ಕೆ, ಅಂದರೆ ಆಗಸ್ಟ್ 15ಕ್ಕೆ, ಮುಂಚೆಯಾದರೂ ಸರಿ, ಆಮೇಲಾದರೂ ಸರಿ! ಅಣ್ಣತಮ್ಮಂದಿರು ಪಾಲಾಗಿಬಿಡಿ, ಗೋಡೆ ಎಲ್ಲಿ ಬರುತ್ತದೆಂದು ಆಮೇಲೆ ಹೇಳುತ್ತೇವೆ ಅಂದ ಹಾಗಾಯಿತು. ಮಸೂದೆ ಮಂಡನೆಯಾದಾಗ ಗಡಿ ಎಳೆಯಬೇಕಾದ ರಾಡ್‌ಕ್ಲಿಫ್ ಇನ್ನೂ ಭಾರತಕ್ಕೇ ಬಂದಿರಲಿಲ್ಲ. ಅಲ್ಲಿಯತನಕ ಇರಲಿ ಎಂದು ಅನುಸೂಚಿಯಲ್ಲೊಂದು ತಾತ್ಕಾಲಿಕ ಪಟ್ಟಿ. ಅದರಲ್ಲಿ ಮುರ್ಷಿದಾಬಾದ್ ಪೂರ್ವ ಬಂಗಾಳದ ಪಾಲು; ಅಲ್ಲಿ ಪಾಕಿಸ್ತಾನದ ಬಾವುಟ ಏರಿತು. ಖುಲ್ನಾ ಪಟ್ಟಿಯಲ್ಲಿರಲಿಲ್ಲ, ಅಲ್ಲಿ ತ್ರಿವರ್ಣ. ಆಗಸ್ಟ್ 17ಕ್ಕೆ ತೀರ್ಪು ಹೊರಬಿತ್ತು, ಬಾವುಟ ಅದಲುಬದಲಾಯಿತು. ನದಿಯಾ ಜಿಲ್ಲೆಯ ಕೆಲವು ಊರುಗಳಲ್ಲಿ ಇವತ್ತಿಗೂ 18ಕ್ಕೆ ಧ್ವಜ ಹಾರಿಸುತ್ತಾರೆ.

7ನೇ ಕಲಂ ನಮಗೆ ಇನ್ನೂ ಹತ್ತಿರದ್ದು. ಸಂಸ್ಥಾನಗಳ ಮೇಲೆ ಬ್ರಿಟಿಷರಿಗಿದ್ದ ಪರಮಾಧಿಕಾರ ಮುಗಿಯಿತು ಎಂದಿತು, ಅದು ಯಾರ ಕೈಗೆ ಎಂದು ಹೇಳಲಿಲ್ಲ. ಮೈಸೂರು ಭಾರತಕ್ಕೆ ಬೇಗ ಸೇರಿತು, ಆದರೂ ಜವಾಬ್ದಾರಿ ಸರ್ಕಾರಕ್ಕೆ ಜನ 'ಮೈಸೂರು ಚಲೋ' ನಡೆಸಬೇಕಾಯಿತು. ಹೈದರಾಬಾದಿನ ನಿಜಾಮರು ಆ ಸಂದಿಯಲ್ಲೇ ಕೂತರು. ರಾಯಚೂರು, ಕಲಬುರಗಿ, ಬೀದರ್ 1948ರ ಸೆಪ್ಟೆಂಬರ್ 17ರ ತನಕ ಕಾದವು, ನಡುವೆ ನಿಜಾಮರ ಪರ ನಿಂತ ಸಶಸ್ತ್ರ ಪಡೆ ರಜಾಕಾರರ ಹಾವಳಿ. ರಾಯಚೂರಿನ ನಮ್ಮ ಅಜ್ಜಿ ಸಾಯುವತನಕ ಅನ್ನುತ್ತಿದ್ದರು, "ನಮ್ಮ ಕಡಿ ಸ್ವಾತಂತ್ರ್ಯ ವರ್ಷ ತಡಾ ಮಾಡಿ ಬಂತು ನೋಡಪಾ." ಆ ವರ್ಷವಿಡೀ ರಾತ್ರಿ ಬಾಗಿಲಿಗೆ ಒನಕೆ ಆನಿಸಿ ಮಲಗುತ್ತಿದ್ದರಂತೆ.

ಇನ್ನು ನಮ್ಮ ಶಾಸಕರು ಕಲಿಯುವ ಮಾತು. ಅವರು ಬ್ರಿಟಿಷರನ್ನು ಯಾವತ್ತೋ ಮೀರಿಸಿದ್ದಾರೆ! ಬೆಳಿಗ್ಗೆ ಪ್ರತಿ ಹಂಚಿ, ಗದ್ದಲದಲ್ಲೇ ಧ್ವನಿಮತ, ಊಟದ ಹೊತ್ತಿಗೆ ಅಂಗೀಕಾರ. ವರ್ಷ ತಿರುಗುವುದರೊಳಗೆ ತಿದ್ದುಪಡಿ. ನಮ್ಮ ಕಚೇರಿಯಲ್ಲಿ ಅಡುಗೆ ಅಂಕಣದ ಕರಡನ್ನೂ ಮೂರು ಸಲ ನೋಡುತ್ತೇವೆ. ಒಮ್ಮೆ ಎರಡೇ ಸಲ ನೋಡಿ ಅಚ್ಚಿಗೆ ಬಿಟ್ಟಾಗ ಚಮಚ ಉಪ್ಪು ಬಟ್ಟಲು ಉಪ್ಪಾಗಿತ್ತು. ಪತ್ರ ಬರೆದು ಬೈದವರಲ್ಲಿ ನೀವೂ ಒಬ್ಬರು.