ಕುಣಿತವನ್ನು ಬರೆದಿಡಿ

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: ‘ಭರತನಾಟ್ಯದಲ್ಲಿ ಸೀನಿಯರ್ ಮುಗಿಸಿದ್ದೇನೆ. ಮೂರು ಶಾಲೆಗಳ ಗ್ಯಾದರಿಂಗಿಗೆ ಡಾನ್ಸ್ ಕಲಿಸುತ್ತೇನೆ. ಜನವರಿ ಕಳೆದರೆ ಕೈ ಖಾಲಿ. ಹೋದ ವರ್ಷ ಮಾಡಿಸಿದ ನೃತ್ಯ ಈಗ ಮಕ್ಕಳಿಗೂ ನೆನಪಿಲ್ಲ, ನನಗೂ ಇಲ್ಲ. ಕೊರಿಯೋಗ್ರಫರ್ ಆಗಬೇಕೆಂದರೆ ಬೆಂಗಳೂರಿಗೇ ಹೋಗಬೇಕೇ? ಕುಣಿಸುವುದೂ ಒಂದು ಉದ್ಯೋಗವೇ ಎಂದು ಮನೆಯಲ್ಲಿ ಕೇಳುತ್ತಾರೆ.’

ಉದ್ಯೋಗ ಹೌದು, ತಂಗೀ. ಬೆಂಗಳೂರಿಗೆ ಹೋಗುವುದೂ ತಪ್ಪಲ್ಲ. ನೃತ್ಯ ಸಂಯೋಜನೆಯನ್ನೇ ಪಾಠವಾಗಿ ಕಲಿಸಿದ ಮಾಯಾ ರಾವ್ 1987ರಲ್ಲಿ ತಮ್ಮ ಸಂಸ್ಥೆಯನ್ನು ದಿಲ್ಲಿಯಿಂದ ಅಲ್ಲಿಗೇ ತಂದರು. ಅನುಕೂಲವಿದ್ದರೆ ಕಲಿತು ಬನ್ನಿ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ನನಗೂ ನೆನಪಿಲ್ಲ’ ಎಂಬ ಮಾತು. ಯಾಕೆ ನೆನಪಿಲ್ಲ? ಬರೆದಿಡಲಿಲ್ಲ, ಅದಕ್ಕೆ. ಅಡುಗೆಯ ಅಳತೆ ಬರೆದಿಡುತ್ತೇವೆ, ಅಡಿಕೆಯ ಲೆಕ್ಕ ಬರೆದಿಡುತ್ತೇವೆ, ಹದಿನೈದು ದಿನ ಬೆವರು ಸುರಿಸಿ ಕಟ್ಟಿದ ಕುಣಿತವನ್ನು ಮಾತ್ರ ಗಾಳಿಗೆ ಬಿಡುತ್ತೇವೆ.

ಕುಣಿತದ ಲೆಕ್ಕದಲ್ಲಿ ತಾಳದ ಎಂಟು ಏಟಿನ ಒಂದು ಗುಂಪಿಗೆ ಒಂದು ‘ಎಂಟು’ ಎನ್ನುತ್ತೇವೆ. ನಿಮಿಷಕ್ಕೆ 120 ಏಟು ಬೀಳುವ ಹಾಡಿನಲ್ಲಿ ನಿಮಿಷಕ್ಕೆ 15 ಎಂಟುಗಳು. ನಾಲ್ಕು ನಿಮಿಷದ ಹಾಡೆಂದರೆ 60 ಎಂಟು. ನೋಟ್‌ಬುಕ್ಕಿನಲ್ಲಿ 60 ಗೆರೆ ಹಾಕಿ. ಪ್ರತಿ ಗೆರೆಯ ಎಡಕ್ಕೆ ಹಾಡಿನ ಪದ, ನಡುವೆ ಹೆಜ್ಜೆ, ಬಲಕ್ಕೆ ಒಂದು ಸಣ್ಣ ಚೌಕ. ಆ ಚೌಕವೇ ವೇದಿಕೆ, ಯಾರು ಎಲ್ಲಿ ಎಂಬ ಚುಕ್ಕಿಗಳು ಅದರೊಳಗೆ. ಅದಕ್ಕೂ ಮೊದಲು ಟೇಪು ಹಿಡಿದು ವೇದಿಕೆ ಅಳೆಯಿರಿ. 24 ಅಡಿ ಅಗಲವಿದ್ದರೆ ಎರಡೂ ಬದಿಯ ಪರದೆಗೆ ಎರಡೆರಡು ಅಡಿ ಹೋಯಿತು. ಕೈ ಚಾಚಿದ ಮಗುವಿಗೆ ನಾಲ್ಕೈದು ಅಡಿ ಬೇಕು. ಅಂದರೆ ಮುಂದಿನ ಸಾಲಿನಲ್ಲಿ ನಾಲ್ಕೇ ಮಕ್ಕಳು, ಬಿಗಿ ಮಾಡಿದರೆ ಐದು. ಉಳಿದವರು ಮುಂದಿನವರ ಸಂದಿಯಲ್ಲಿ ಕಾಣುವಂತೆ ಹಿಂದೆ ನಿಲ್ಲಬೇಕು. ಪಾಲಕರ ಮನಸ್ಸು ನೋಯದಿರಲೆಂದು ಹನ್ನೆರಡು ಮಕ್ಕಳನ್ನೂ ಒಂದೇ ಸಾಲಿಗೆ ತುಂಬಿದರೆ ಯಾರ ಕೈಯೂ ಪೂರ್ತಿ ಚಾಚುವುದಿಲ್ಲ.

ಜಾಗ ಬದಲಿಸುವಾಗ ಮಕ್ಕಳು ಡಿಕ್ಕಿ ಹೊಡೆಯುತ್ತಾರಲ್ಲ, ಅದರ ಕಾರಣ ಹಾಳೆಯ ಮೇಲೆ ಮೊದಲೇ ಕಾಣುತ್ತದೆ. ಪ್ರತಿಯೊಬ್ಬರ ದಾರಿಗೂ ಬಾಣ ಎಳೆಯಿರಿ. ಎರಡು ಬಾಣ ಒಂದೇ ಏಟಿಗೆ ಕೂಡಿದರೆ ಒಬ್ಬರನ್ನು ಎರಡು ಏಟು ತಡವಾಗಿ ಹೊರಡಿಸಿ. ಈ ಓಟದ ಹಾಡಿನಲ್ಲಿ ಒಂದು ಎಂಟು ಎಂದರೆ ನಾಲ್ಕೇ ಸೆಕೆಂಡು. ಅಷ್ಟರಲ್ಲಿ ಈ ತುದಿಯಿಂದ ಆ ತುದಿಗೆ ಹೋಗಲು ಮಗು ಓಡಲೇಬೇಕು. ಎರಡು ಎಂಟು ಕೊಡಿ. ವೇದಿಕೆಯ ಮುಂದಿನ ಅಂಚಿನಲ್ಲಿ ನಡುವೆ ಸೊನ್ನೆ ಬರೆದು, ಎರಡೂ ಕಡೆ ಎರಡೆರಡು ಅಡಿಗೆ ಸುಣ್ಣದಲ್ಲಿ ಅಂಕಿ ಹಾಕಿದರೆ ‘ಎಡಕ್ಕೆ ನಾಲ್ಕು’ ಎಂದಷ್ಟೇ ಕೂಗಿದರೆ ಸಾಕು. ತರಗತಿಯ ಕರಿಹಲಗೆಯನ್ನೇ ನೋಡಿ ಕಲಿತ ಮಗುವಿಗೆ ವೇದಿಕೆಯ ಮೇಲೆ ದಿಕ್ಕು ತಪ್ಪುತ್ತದೆ. ಕೊನೆಯ ನಾಲ್ಕು ದಿನ ಬೆನ್ನು ಹಲಗೆಗಿರಲಿ, ನೀವೂ ಎದುರಿಗೆ ನಿಂತು ಹೆಜ್ಜೆ ತೋರಿಸಬೇಡಿ. ಸಿಮೆಂಟು ನೆಲದ ಮೇಲೆ ಜಿಗಿತವನ್ನು ಮತ್ತೆ ಮತ್ತೆ ಮಾಡಿಸಿದರೆ ಮೊಣಕಾಲ ಕೆಳಗಿನ ಎಲುಬು ನೋಯುತ್ತದೆ. ಜಿಗಿತಕ್ಕೆ ಮಣ್ಣಿನಂಗಳವೇ ಒಳ್ಳೆಯದು.

ಮೊಬೈಲಿನಲ್ಲಿ ವಿಡಿಯೊ ಇದೆಯಲ್ಲ ಎನ್ನುತ್ತೀರಿ. ವಿಡಿಯೊದಲ್ಲಿ ಉಳಿಯುವುದು ಆ ದಿನ ನಡೆದದ್ದು, ತಪ್ಪುಗಳ ಸಮೇತ. ಹಿಂದಿನ ಸಾಲಿನ ಮಗು ಅದರಲ್ಲಿ ಕಾಣುವುದೇ ಇಲ್ಲ. ನೀವು ಏನು ಕಟ್ಟಬೇಕೆಂದಿದ್ದಿರಿ ಎಂಬುದು ನಿಮ್ಮ ನೋಟ್‌ಬುಕ್ಕಿನಲ್ಲೇ ಇರಬೇಕು. ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆ ನೃತ್ಯ ಸಂಯೋಜನೆಯನ್ನು ನಾಟಕ ಕೃತಿಗಳ ಜೊತೆ ಸೇರಿಸಿದೆ, ಬರವಣಿಗೆಯಲ್ಲೋ ಬೇರೆ ರೀತಿಯಲ್ಲೋ ಅದು ದಾಖಲಾಗಿರಬೇಕೆಂಬ ಷರತ್ತಿನೊಂದಿಗೆ. ಹಕ್ಕು ನಿಮ್ಮ ಜೀವಮಾನ, ಆಮೇಲೆ ಮತ್ತೆ 60 ವರ್ಷ.

ಇನ್ನು ಕಲಿಯುವುದೆಲ್ಲಿ? ಯಕ್ಷಗಾನ ಕಲಾವಿದ ಕೆರೆಮನೆ ಶಂಭು ಹೆಗಡೆಯವರು ದಿಲ್ಲಿಯಲ್ಲಿ ಮಾಯಾ ರಾವ್ ಅವರ ಬಳಿ ಸಂಯೋಜನೆ ಕಲಿತರು. ಹೋಗುವಾಗಲೇ ಬಡಗುತಿಟ್ಟು, ಅಂದರೆ ನಮ್ಮ ಕಡೆಯ ಯಕ್ಷಗಾನದ ಶೈಲಿ, ಅವರ ಕಾಲಲ್ಲಿತ್ತು. ಕಲಿತದ್ದನ್ನು ಹೊನ್ನಾವರದ ಗುಣವಂತೆಗೆ, 1934ರಲ್ಲಿ ತಂದೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳಕ್ಕೇ ತಂದರು. ನಿಮಗೆ ಆ ರಂಗಸ್ಥಳ ಬಸ್ಸಿನ ದಾರಿಯಲ್ಲೇ ಇದೆ. ನೋಟ್‌ಬುಕ್ ಹಿಡಿದು ಆಟಕ್ಕೆ ಹೋಗಿ. ಪಾಂಡವರ ಒಡ್ಡೋಲಗದಲ್ಲಿ, ಅಂದರೆ ವೇಷಗಳು ಮೊದಲು ರಂಗಕ್ಕೆ ಬರುವ ಕುಣಿತದಲ್ಲಿ, ಐದು ವೇಷಗಳು ಅಷ್ಟು ಚಿಕ್ಕ ಜಾಗವನ್ನು ಹೇಗೆ ಹಂಚಿಕೊಳ್ಳುತ್ತವೆ, ಭಾಗವತರು ಯಾವ ಕ್ಷಣಕ್ಕೆ ಪದ ಎತ್ತುತ್ತಾರೆ, ಬರೆದುಕೊಳ್ಳಿ. ಎಂಟರ ಲೆಕ್ಕಕ್ಕೇ ಒಗ್ಗಿದ ಕಿವಿಗೆ ಝಂಪೆ ತಾಳದ ಹತ್ತು ಅಕ್ಷರ ಮೊದಲು ತಡವರಿಸುತ್ತದೆ. ಆ ತಡವರಿಕೆ ದಾಟಿದರೆ ನಿಮ್ಮ ಕುಣಿತ ಟಿವಿಯ ನಕಲಾಗುವುದಿಲ್ಲ. ಸುಗ್ಗಿಯಲ್ಲಿ ಹಾಲಕ್ಕಿ ಸಮುದಾಯದವರ ಕುಣಿತವನ್ನೂ ನೋಡಿ. ಆದರೆ ಅವರು ತಲೆಗೆ ಕಟ್ಟುವ ತುರಾಯಿಯನ್ನು ಎತ್ತಿ ತಂದು ಮಕ್ಕಳ ತಲೆಗೆ ಕಟ್ಟಬೇಡಿ, ಮೊದಲು ಅವರನ್ನು ಕೇಳಿ.

ಸಂಬಳದ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ‘ಅಕ್ಕೋರೇ, ಹಾಡಿಗೆ ಎಷ್ಟು?’ ಎಂದು ಕೇಳುವವರಿಗೆ ಗಂಟೆಯ ಲೆಕ್ಕ ತೋರಿಸಿ: ಸಂಯೋಜನೆ ಬರೆಯಲು 6, ಒಂದೂವರೆ ಗಂಟೆಯ 12 ತಾಲೀಮಿಗೆ 18, ವೇದಿಕೆಯ ಮೇಲೆ 3. ಒಟ್ಟು 27. ಅದೇ ನೃತ್ಯವನ್ನು ಮರುವರ್ಷ ಆಡಿಸಿದರೆ ಬೇರೆ ಹಣ. ಬೇಸಿಗೆ ಶಿಬಿರ, ನವರಾತ್ರಿ, ರಾಜ್ಯೋತ್ಸವ ಎಂದು ವರ್ಷದ ಉಳಿದ ತಿಂಗಳುಗಳಿಗೂ ಬರೆದಿಟ್ಟ ಸಂಯೋಜನೆಗಳೇ ಬಂಡವಾಳ. ನಮ್ಮ ಆಮಂತ್ರಣ ಪತ್ರಿಕೆಗಳನ್ನೇ ನೋಡಿ: ಅಧ್ಯಕ್ಷರ ಹೆಸರಿದೆ, ಶಾಮಿಯಾನದವರದ್ದಿದೆ, ಮೈಕ್‌ಸೆಟ್ಟಿನವರದ್ದಿದೆ. ಕಟ್ಟಿದವರಿಗೆ ‘ಮಕ್ಕಳಿಂದ ನೃತ್ಯ’ ಎಂಬ ಎರಡೇ ಪದ. ಮುಂದಿನ ಗ್ಯಾದರಿಂಗಿಗೆ ಒಪ್ಪುವ ಮೊದಲು ಪತ್ರಿಕೆ ಯಾವತ್ತು ಅಚ್ಚಿಗೆ ಹೋಗುತ್ತದೆಂದು ಕೇಳಿ, ‘ನೃತ್ಯ ಸಂಯೋಜನೆ’ ಎಂದು ಬರೆದು ಮುಂದೆ ನಿಮ್ಮ ಹೆಸರನ್ನು ನೀವೇ ಚೀಟಿಯಲ್ಲಿ ಕೊಟ್ಟು ಬನ್ನಿ.